ಕೇಳಿ ನಿಲ್ಲಿಸಿದ ಜಾಗ

ಹೆಣಗಳು ಮೆಟ್ಟಿಲು ಹತ್ತುತ್ತಿದ್ದವು. ಮೂರನೇ ಮಹಡಿ ದಾಟಿ ನಾಲ್ಕಕ್ಕೆ ಬಂದಿದ್ದವು. ಇನ್ನೇನು ಬಾಗಿಲಿಗೆ ಕೈ ಹಾಕಬೇಕು, ಅಷ್ಟರಲ್ಲಿ ಅತ್ತೆ ಬಂದು, "ಆ ದಿಂಬಿಗೆ ಇನ್ನೂ ಜಿಪ್ ಆಗಿಲ್ವೇನೇ?" ಎಂದರು.

ದೊಡ್ಡ ಸೊಸೆ ಬೆಚ್ಚಿಬಿದ್ದು ಕಿವಿಯಲ್ಲಿದ್ದ ಇಯರ್‌ಫೋನಿನ ಗುಂಡಿಯನ್ನು ಕಿತ್ತು ಜೇಬಿಗೆ ತುರುಕಿದಳು. "ಆಗ್ತಾ ಇದೆ ಅತ್ತೆ."

"ಬಾಯಿ ಅಲ್ಲಾಡ್ತಿತ್ತು. ಯಾರ ಜೊತೆ ಮಾತು?"

"ಯಾರ ಜೊತೆನೂ ಇಲ್ಲ. ಎಣಿಸ್ತಿದ್ದೆ."

"ಇರೋ ಒಂದು ಜಿಪ್ಪನ್ನ ಎಷ್ಟು ಸಲ ಎಣಿಸ್ತಾರಮ್ಮ?" ಅತ್ತೆ ಫೋಮಿನ ರಾಶಿಯ ಮೇಲೆ ಕೂತು ಕಾಲು ಚಾಚಿದರು. "ಮುಖ ನೋಡು, ಹೆಣ ಕಂಡವಳ ಹಾಗೆ ಬಿಳುಚಿದೆ."

ಕಂಡಿರಲಿಲ್ಲ, ಕೇಳಿದ್ದಳು. ಆದರೆ ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ಅವಳು ಕೇಳುತ್ತಿದ್ದುದು ಕದ್ದ ಕಥೆ.

ಮನೆಯ ಕೆಳಅಂತಸ್ತೇ ಅವರ ಸೋಫಾ ಅಂಗಡಿ. ಹಳೆಯ ಸೋಫಾ, ಕುರ್ಚಿಗಳ ಚರ್ಮ ಸುಲಿದು, ಹೊಸ ಫೋಮು, ಹೊಸ ಬಟ್ಟೆ ಹಾಕಿಕೊಡುವ ಕೆಲಸ. ಮೂರು ತಿಂಗಳ ಹಿಂದಿನವರೆಗೆ ಇಲ್ಲಿ ಅತ್ತೆಯ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ನಾಲ್ಕು ಜನ ದುಡಿಯುತ್ತಿದ್ದರು. ಅಣ್ಣ ಅಳತೆ ತೆಗೆದು ಗಿರಾಕಿಗಳ ಜೊತೆ ಮಾತಾಡುತ್ತಿದ್ದ. ತಮ್ಮ ಬಟ್ಟೆಯನ್ನು ಎಳೆದು ಚೌಕಟ್ಟಿಗೆ ಸ್ಟೇಪಲ್ ಹೊಡೆಯುತ್ತಿದ್ದ. ದೊಡ್ಡವಳು ಕತ್ತರಿಸುತ್ತಿದ್ದಳು, ಚಿಕ್ಕವಳು ಹೊಲಿಯುತ್ತಿದ್ದಳು. ಕಿಟಕಿಯ ಕೆಳಗೆ ಎರಡು ಮಿಷನ್ನುಗಳು ಎದುರುಬದುರಾಗಿದ್ದವು. ಈಗ ಒಂದೇ ಇದೆ. ಇನ್ನೊಂದು ಇದ್ದಲ್ಲಿ ನೆಲದ ಬಣ್ಣ ಬೇರೆ. ದೊಡ್ಡವಳು ಗುಡಿಸುವಾಗ ಆ ಚೌಕವನ್ನು ಬಳಸಿಕೊಂಡು ಹೋಗುತ್ತಾಳೆ, ಅಲ್ಲಿ ಯಾರೋ ಮಲಗಿದ್ದಾರೆಂಬಂತೆ.

ವಾರಗಿತ್ತಿಯರೆಂದರೆ ಹಾವು ಮುಂಗುಸಿ ಎಂದು ಊರೆಲ್ಲ ಹೇಳುತ್ತದೆ. ಇವರಿಬ್ಬರು ಹನ್ನೊಂದು ವರ್ಷ ಎದುರುಬದುರು ಕೂತು ಜಗಳವಾಡಿದ್ದು ದಾರದ ಬಣ್ಣಕ್ಕೆ ಮಾತ್ರ. ಚಿಕ್ಕವಳಿಗೆ ಓದುವ ಹುಚ್ಚು. ಕೈಗೆ ಬಿಡುವಿಲ್ಲ, ಕಿವಿಗೆ ಬಿಡುವಿದೆ ಎಂದು ಅವಳು ಪುಸ್ತಕ ಓದಿ ಹೇಳುವ ಆ್ಯಪನ್ನು ತನ್ನ ಫೋನಿಗೆ ಹಾಕಿಕೊಂಡಳು. ಹಾಗೇ ಅಕ್ಕನ ಫೋನಿಗೂ ಹಾಕಿದಳು. "ಖಾತೆ ನನ್ನದೇ ಇರ್ಲಿ ಅಕ್ಕ. ಒಂದೇ ಖಾತೆ, ಎರಡು ಫೋನು. ಒಲೆ ಒಂದೇ ಇದ್ದ ಹಾಗೆ." ಮಿಷನ್ನಿನ ಮೇಲೆ ಸಣ್ಣ ಸ್ಪೀಕರ್ ಇಟ್ಟುಕೊಂಡು ಇಬ್ಬರೂ ಕೇಳುತ್ತಿದ್ದರು. ಅಂಗಡಿಯಲ್ಲಿ ಗಿರಾಕಿ ಬಂದರೆ ನಿಲ್ಲಿಸುವುದು, ಹೋದ ಮೇಲೆ ಮುಂದುವರಿಸುವುದು. ಎಲ್ಲಿ ನಿಲ್ಲಿಸಿದ್ದರೋ ಆ ಜಾಗವನ್ನು ಆ್ಯಪೇ ನೆನಪಿಟ್ಟುಕೊಳ್ಳುತ್ತಿತ್ತು, ಅವಳ ಫೋನಿನಲ್ಲಿ ನಿಲ್ಲಿಸಿದರೂ ಇವಳ ಫೋನಿನಲ್ಲಿ ಅಲ್ಲಿಂದಲೇ ಶುರು.

ಈ ಹೆಣಗಳ ಕಾದಂಬರಿಯನ್ನು ಹಾಕಿದ ದಿನ ದೊಡ್ಡವಳು ಮೂಗು ಮುರಿದಿದ್ದಳು. "ಸತ್ತವರು ಎದ್ದು ಬರೋದೂ ಒಂದು ಕಥೆನಾ? ನಮ್ಮನೇಲಿ ಬದುಕಿರೋರೇ ಬೆಳಿಗ್ಗೆ ಏಳಲ್ಲ."

"ಹತ್ತು ನಿಮಿಷ ಕೇಳು. ಬೇಜಾರಾದ್ರೆ ಅಡುಗೆ ಪುಸ್ತಕ ಹಾಕ್ತೀನಿ."

ಹತ್ತನೇ ನಿಮಿಷಕ್ಕೆ ದೊಡ್ಡವಳು ಕತ್ತರಿ ಕೆಳಗಿಟ್ಟಿದ್ದಳು. ಲೋಕ ಹಾಳುಬಿದ್ದಿದೆ. ಪಟ್ಟಣದ ತುಂಬ ಎದ್ದು ನಡೆಯುವ ಹೆಣಗಳು. ಉಳಿದಿರುವ ಏಳು ಜನರನ್ನು ಕಾಯುವವಳು ಸೈನಿಕಳೂ ಅಲ್ಲ, ಡಾಕ್ಟರೂ ಅಲ್ಲ. ಲಿಫ್ಟ್ ರಿಪೇರಿ ಮಾಡುವ ಹೆಂಗಸು. ಸೊಂಟಕ್ಕೆ ಸ್ಪ್ಯಾನರ್ ಸಿಕ್ಕಿಸಿಕೊಂಡವಳು, ಕಡಿಮೆ ಮಾತಿನವಳು. ಓದುವ ಹೆಂಗಸಿನ ಧ್ವನಿಯೂ ಹಾಗೇ, ಈಗ ತಾನೇ ಜ್ವರ ಬಿಟ್ಟು ಎದ್ದವಳ ಧ್ವನಿ. ಹೆದರಿಸಬೇಕೆಂಬ ಹಟವಿಲ್ಲದ ಧ್ವನಿ, ಅದಕ್ಕೇ ಹೆದರಿಕೆಯಾಗುತ್ತಿತ್ತು. ದೊಡ್ಡವಳಿಗೆ ತನ್ನ ನಲವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅನ್ನಿಸಿತು, ಸ್ಪ್ಯಾನರ್ ಹಿಡಿದವಳು ಕೂಡ ಕಥೆಯಾಗಬಹುದು, ಕತ್ತರಿ ಹಿಡಿದವಳೂ.

ಆ ಕಥೆಯೇ ಮನೆ ಒಡೆಯಿತು. ಕಥೆಯಲ್ಲ, ಅವಳ ಕೈ.

ವೆಲ್ವೆಟ್ ಬಟ್ಟೆ ಬೆಕ್ಕಿನ ಮೈ ಇದ್ದ ಹಾಗೆ. ಒಂದು ಕಡೆಗೆ ಸವರಿದರೆ ನುಣುಪು, ತಿಳಿಬಣ್ಣ; ಇನ್ನೊಂದು ಕಡೆಗೆ ಸವರಿದರೆ ಒರಟು, ಗಾಢ. ಒಂದೇ ಥಾನಿನ ಎರಡು ತುಂಡನ್ನು ತಿರುವುಮುರುವು ಹಾಕಿದರೆ ಬೆಳಕಿನಲ್ಲಿ ಎರಡು ಬಣ್ಣದ ಬಟ್ಟೆಯಂತೆ ಕಾಣುತ್ತದೆ. ಅದಕ್ಕೇ ಅಂಗಡಿಯಲ್ಲೊಂದು ಕಟ್ಟಲೆ: ಕತ್ತರಿಸುವ ಮೊದಲು ಪ್ರತಿ ತುಂಡಿನ ಬೆನ್ನಿಗೂ ಸೀಮೆಸುಣ್ಣದಲ್ಲಿ, ನುಣುಪು ಹೋಗುವ ಕಡೆಗೆ, ಒಂದು ಬಾಣ ಬರೆಯಬೇಕು. ಬಾಣದ ಮೂತಿ ಕುರ್ಚಿಯ ಮುಂಭಾಗಕ್ಕೆ. ಹೊಲಿಯುವವಳು, ಹೊಡೆಯುವವನು, ಇಬ್ಬರೂ ಬಾಣವನ್ನು ನಂಬಿ ಕೆಲಸ ಮಾಡುತ್ತಾರೆ.

ನಲವತ್ತೆಂಟು ಕುರ್ಚಿಗಳ ಕೆಲಸ ಬಂದಿತ್ತು. ದೊಡ್ಡವಳು ಮೇಜಿನ ಮೇಲೆ ಕೆಂಪು ವೆಲ್ವೆಟ್ ಹಾಸಿ ಕತ್ತರಿಸುತ್ತಿದ್ದಳು. ಸ್ಪೀಕರಿನಲ್ಲಿ ಹತ್ತೊಂಬತ್ತನೇ ಅಧ್ಯಾಯ. ಲಿಫ್ಟಿನ ಹೆಂಗಸು ಮೆಟ್ಟಿಲ ಕೆಳಗೆ ಅಡಗಿ ಕೂತು ನೋಡುತ್ತಿದ್ದಾಳೆ. ಮೇಲಿನ ಮೆಟ್ಟಿಲಲ್ಲಿ ಹೆಣಗಳು ನಿಂತಿವೆ, ಇವಳ ಕಡೆಗೇ ಕೈಚಾಚಿವೆ, ಆದರೆ ಒಂದು ಮೆಟ್ಟಿಲೂ ಇಳಿಯುತ್ತಿಲ್ಲ. ಅವಳು ಪಕ್ಕದವನ ಕೈ ಹಿಸುಕಿ ಪಿಸುಗುಟ್ಟುತ್ತಾಳೆ, "ಇಳಿಯಲ್ಲ. ನೋಡು, ಇವು ಹತ್ತುತ್ತವೆ ಅಷ್ಟೆ, ಇಳಿಯಕ್ಕೆ ಬರಲ್ಲ!"

ಅದೇ ಹೊತ್ತಿಗೆ ಚಿಕ್ಕವಳು, "ಅಕ್ಕ, ಬಾಣ ಹಾಕಿದ್ಯಾ?" ಎಂದಳು.

"ಶ್!" ಎಂದಳು ದೊಡ್ಡವಳು.

ಕತ್ತರಿ ನಡೆಯುತ್ತಲೇ ಇತ್ತು. ಅಧ್ಯಾಯ ಮುಗಿಯುವ ಹೊತ್ತಿಗೆ ಬಾಣವಿಲ್ಲದ ಹತ್ತಾರು ತುಂಡುಗಳು ಒಂದರ ಮೇಲೊಂದು ಬಿದ್ದಿದ್ದವು. ಕೆಲವು ಬಿದ್ದ ರಭಸಕ್ಕೆ ತಿರುಗಿದ್ದವು. ಒಂದೊಂದನ್ನೂ ಸವರಿ ನೋಡಬೇಕಿತ್ತು. ಅವಳು ಸವರಲಿಲ್ಲ. ಮನಸ್ಸೆಲ್ಲ ಮೆಟ್ಟಿಲ ಕೆಳಗೇ ಇತ್ತು. ರಾಶಿಯನ್ನು ಹಾಗೇ ಎಳೆದುಕೊಂಡು ಅಂದಾಜಿನಲ್ಲಿ ಟಕಟಕನೆ ಬಾಣ ಬರೆದಳು. ಚಿಕ್ಕವಳು ಅದನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದು, "ಶ್" ನೆನಪಾಗಿ ಮುಚ್ಚಿಕೊಂಡಳು.

ಕುರ್ಚಿಗಳು ಸಿದ್ಧವಾದ ದಿನ ಗಿರಾಕಿ ಬಂದು ಬಾಗಿಲಲ್ಲೇ ನಿಂತ. "ಈ ಆರು ಬೇರೆ ಬಣ್ಣ ಯಾಕ್ರೀ?" ಅಣ್ಣನ ಕಿವಿ ಕೆಂಪಾಯಿತು. ಅವನು ತಮ್ಮನ ಕಡೆ ತಿರುಗಿದ. "ಬಾಣ ನೋಡದೆ ತಿರುಗಿಸಿ ಹೊಡೆದಿದ್ದೀಯ. ಕಣ್ಣು ಎಲ್ಲಿತ್ತು?" ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಬ್ಲೇಡು ತೆಗೆದು ಎಲ್ಲರೆದುರು ಒಂದು ಕುರ್ಚಿಯ ಸೀಟನ್ನು ಮೂಲೆಯಿಂದ ಮೂಲೆಗೆ ಸೀಳಿ ಹಾಕಿದ. "ಇದನ್ನ ಕೆಲಸ ಅಂತಾರಾ?" ಒಳಗಿನ ಸೀಮೆಸುಣ್ಣ ಫೋಮಿಗೆ ಉಜ್ಜಿ ಅಳಿಸಿಹೋಗಿತ್ತು. ಬಾಣ ಎಲ್ಲಿ ಮುಖ ಮಾಡಿತ್ತೆಂದು ಹೇಳಲು ಸಾಕ್ಷಿ ಇಬ್ಬರು ಹೆಂಗಸರು ಮಾತ್ರ. ಇಬ್ಬರೂ ಸುಮ್ಮನಿದ್ದರು. ತಮ್ಮ ತನ್ನ ಎರಡು ಅಂಗೈಗಳನ್ನು ಒಮ್ಮೆ ನೋಡಿಕೊಂಡು ಹೊರಗೆ ಹೋದ. ವಾರ ಕಳೆಯುವುದರೊಳಗೆ ಅವನು ಹೆಂಡತಿಯನ್ನೂ ಹೊಲಿಗೆ ಮಿಷನ್ನನ್ನೂ ಕಟ್ಟಿಕೊಂಡು ಪಟ್ಟಣದ ಇನ್ನೊಂದು ತುದಿಯಲ್ಲಿ ಬೇರೆ ಅಂಗಡಿ ಹಾಕಿದ. ಹೊರಡುವಾಗ ಚಿಕ್ಕವಳು ದೊಡ್ಡವಳ ಮುಖ ನೋಡಲಿಲ್ಲ.

ಆಮೇಲೆ ಎರಡೂ ಮನೆಗಳ ನಡುವೆ ಓಡಾಡುತ್ತಿದ್ದವರು ಅತ್ತೆ ಒಬ್ಬರೇ. ಭಾನುವಾರ ಬೆಳಿಗ್ಗೆ ಚಿಕ್ಕ ಮಗನ ಮನೆಗೆ ಹೋಗಿ ಸಂಜೆಗೆ ಬರುತ್ತಿದ್ದರು. ಹೇಗಿದ್ದಾರೆ ಎಂದು ಕೇಳಿದರೆ, "ನಾನೇನು ಅಂಚೆಯವನಾ? ಬೇಕಾದ್ರೆ ಹೋಗಿ ನೋಡ್ಕೊಂಡು ಬನ್ನಿ" ಎನ್ನುತ್ತಿದ್ದರು.

ದೊಡ್ಡವಳಿಗೆ ಹೋಗಲು ಮುಖವಿರಲಿಲ್ಲ. ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು. ಹಾಕಿದ ಹೊಲಿಗೆಯನ್ನು ಮತ್ತೆ ಬಿಚ್ಚುವುದು, ಬಿಚ್ಚಿದ್ದನ್ನು ಮತ್ತೆ ಹಾಕುವುದು. ಗಂಡ ಒಂದೆರಡು ಸಲ, "ನಿನ್ನ ಮೈಯಲ್ಲೇನು ಇರುವೆ ಹರಿದಾಡ್ತಿದ್ಯಾ?" ಎಂದ. ಹೌದು, ಇರುವೆಯೇ.

ಹಾಗಿದ್ದಾಗ ಒಂದು ಮಧ್ಯಾಹ್ನ, ಏನೂ ತೋಚದೆ, ಫೋನಿನಲ್ಲಿ ಆ ಆ್ಯಪನ್ನು ತೆರೆದಳು. ಇಬ್ಬರೂ ಜೊತೆಯಲ್ಲಿ ಕೊನೆಗೆ ಕೇಳಿದ ಹತ್ತೊಂಬತ್ತನೇ ಅಧ್ಯಾಯದಲ್ಲೇ ನಿಂತಿರುತ್ತದೆ ಎಂದುಕೊಂಡಿದ್ದಳು. ಇಪ್ಪತ್ನಾಲ್ಕರಲ್ಲಿತ್ತು. ತನ್ನ ಫೋನು ಕೆಟ್ಟಿದೆಯೆಂದು ಭಾವಿಸಿ ಮುಚ್ಚಿದಳು. ಮರುದಿನ ನೋಡಿದರೆ ಇಪ್ಪತ್ತೈದು. ಆಗ ಹೊಳೆಯಿತು. ಪಟ್ಟಣದ ಆ ತುದಿಯಲ್ಲಿ ಚಿಕ್ಕವಳು ಕೇಳುತ್ತಿದ್ದಾಳೆ. ಒಬ್ಬಳೇ ಕೂತು, ಅವಳ ಮಿಷನ್ನಿನೆದುರು. ಅವಳು ನಡೆದ ಹೆಜ್ಜೆ ಇಲ್ಲಿ ಈ ಫೋನಿನಲ್ಲಿ ಮೂಡುತ್ತಿದೆ.

ಅವತ್ತಿನಿಂದ ಕಳ್ಳತನ ಶುರುವಾಯಿತು. ಚಿಕ್ಕವಳು ಬಿಟ್ಟ ಜಾಗವನ್ನು, ಅಧ್ಯಾಯ ಎಷ್ಟು ನಿಮಿಷ ಎಷ್ಟು ಎಂದು ಕತ್ತರಿಸುವ ಮೇಜಿನ ಅಂಚಿಗೆ ಸೀಮೆಸುಣ್ಣದಲ್ಲಿ ಬರೆದುಕೊಳ್ಳುವುದು. ಹಿಂದೆ ಹೋಗಿ ತಾನು ಕೇಳದಿದ್ದುದನ್ನು ಕೇಳುವುದು. ಆಮೇಲೆ ಎಲ್ಲಿಯವರೆಗೆ ಕೇಳಿದೆಯೆಂದು ಆ್ಯಪು ತೋರಿಸುವ ಗೆರೆಯನ್ನು ಎಳೆದು ತಂದು ಅವಳ ಜಾಗದಲ್ಲೇ ಇಟ್ಟು, ಮೇಜನ್ನು ಒದ್ದೆಬಟ್ಟೆಯಿಂದ ಒರೆಸುವುದು. ಗೊತ್ತಾದರೆ ಚಿಕ್ಕವಳು ಗುಪ್ತಪದ ಬದಲಿಸಿಬಿಟ್ಟಾಳು. ಖಾತೆ ಅವಳದು, ಒಂದು ಸಲ ಒತ್ತಿದರೆ ಸಾಕು, ಇದ್ದೊಂದು ಕಿಂಡಿಯೂ ಮುಚ್ಚಿಹೋಗುತ್ತದೆ. ಮತ್ತೆ ಅವಳ ಸುದ್ದಿ ತಿಳಿಯುವ ದಾರಿಯೇ ಇಲ್ಲ.

ಆ ಕಿಂಡಿಯಲ್ಲಿ ಎಷ್ಟೆಲ್ಲ ಕಾಣುತ್ತಿತ್ತು! ಒಂದೇ ದಿನ ಎರಡು ಅಧ್ಯಾಯ ಸರಿದಿದ್ದರೆ ಉದ್ದ ಹೊಲಿಗೆಯ ಕೆಲಸ, ಪರದೆಯೋ ಏನೋ ಬಂದಿದೆ. ನಾಲ್ಕೇ ನಿಮಿಷಕ್ಕೆ ನಿಂತಿದ್ದರೆ ಏನೋ ಸರಿಯಿಲ್ಲ, ತಲೆನೋವಿರಬೇಕು, ಅಥವಾ ಗಂಡ ಎದುರಿಗೆ ಕೂತಿರಬೇಕು. ಒಂದು ವಾರ ಏನೂ ಸರಿಯಲಿಲ್ಲ. ದೊಡ್ಡವಳು ಆ ವಾರ ಎರಡು ಸೂಜಿ ಮುರಿದಳು. ಭಾನುವಾರ ಅತ್ತೆ ಬಂದ ಕೂಡಲೇ ಅಡ್ಡಗಟ್ಟಿ, "ಅವಳು ಆರಾಮಿದ್ದಾಳಾ?" ಎಂದು ಕೇಳಿಯೇಬಿಟ್ಟಳು.

"ನೆಗಡಿ. ಯಾಕೆ, ನಿಂಗೆ ಕನಸು ಬಿತ್ತಾ?" ಎಂದರು ಅತ್ತೆ.

ಆದರೆ ಸತ್ಯ ಹೇಳಬೇಕೆಂದರೆ, ಅವಳು ಕೇಳುತ್ತಿದ್ದುದು ವಾರಗಿತ್ತಿಗಾಗಿ ಮಾತ್ರವಲ್ಲ. ಕಥೆ ಅವಳನ್ನು ಹಿಡಿದುಕೊಂಡಿತ್ತು. ಪಟ್ಟಣದ ತಾರಸಿಗಳ ಮೇಲೆಲ್ಲ ಇಳಿಯಲಾರದ ಹೆಣಗಳು ಕಿಕ್ಕಿರಿದು ನಿಂತಿವೆ. ಗಾಳಿ ಬೀಸಿದರೆ ಮಾಗಿದ ಹಣ್ಣಿನ ಹಾಗೆ ಒಂದೊಂದಾಗಿ ಉದುರುತ್ತವೆ. ಅಂಥ ಹೊತ್ತಿನಲ್ಲೂ ಗುಂಪಿನಲ್ಲಿದ್ದ ಕ್ಷೌರಿಕ ದಿನಾ ಎಲ್ಲರ ಗಡ್ಡ ತೆಗೆಯುತ್ತಾನೆ, ನಿವೃತ್ತ ಹೆಡ್‌ಮಾಸ್ಟರು ಹಾಜರಿ ಕರೆಯುತ್ತಾರೆ. ಮಾಸ್ಟರು ಹಾಜರಿ ಕರೆದಾಗ ಉತ್ತರ ಬಾರದ ಹೆಸರಿಗೆ ದೊಡ್ಡವಳು ಫೋಮು ಕತ್ತರಿಸುತ್ತಲೇ ಅತ್ತಿದ್ದಾಳೆ. ಹೆಣವೊಂದು ಲಿಫ್ಟಿನೊಳಗೆ ಸಿಕ್ಕಿಕೊಂಡು ಕೆಳಕ್ಕೂ ಮೇಲಕ್ಕೂ ಹೋಗಿಬರುತ್ತಿದ್ದಾಗ ದಾರದ ಬಾಬಿನ್ನು ಕೈಯಿಂದ ಉರುಳುವಷ್ಟು ನಕ್ಕಿದ್ದಾಳೆ. ಸಂತೆಗೆ ಹೋದರೂ ಮೆಟ್ಟಿಲು ಕಂಡರೆ ಅವಳ ಕಾಲು ತಡವರಿಸುತ್ತಿತ್ತು. ಪಕ್ಕದ ಕಟ್ಟಡದ ತಾರಸಿಯಲ್ಲಿ ಒಬ್ಬಾತ ಬಟ್ಟೆ ಒಣಹಾಕಲು ಬಂದು ಸುಮ್ಮನೆ ನಿಂತಿದ್ದನ್ನು ಕಂಡು, ಇಳೀತಾನೋ ಇಲ್ಲವೋ ಎಂದು ಅವನು ಇಳಿಯುವ ತನಕ ಕಿಟಕಿ ಬಿಟ್ಟಿರಲಿಲ್ಲ.

ಆ ರುಚಿಯೇ ಅವಳನ್ನು ಹಿಡಿದುಕೊಟ್ಟಿತು.

ಚಿಕ್ಕವಳು ಮೂವತ್ತೊಂದನೇ ಅಧ್ಯಾಯದಲ್ಲಿದ್ದಳು. ದೊಡ್ಡವಳು ಅಲ್ಲಿಯವರೆಗೆ ಬಂದು ನಿಲ್ಲಿಸಬೇಕಿತ್ತು. ಅವಳಿಗಿಂತ ಮುಂದೆ ಹೋಗಬಾರದೆಂಬುದು ತನಗೆ ತಾನೇ ಹಾಕಿಕೊಂಡ ನಿಯಮ. ಆದರೆ ಮೂವತ್ತೊಂದರ ಕೊನೆಯಲ್ಲಿ ಲಿಫ್ಟಿನ ಹೆಂಗಸು ಇಬ್ಬರು ಅವಳಿ ಹುಡುಗಿಯರನ್ನು ಬೆನ್ನಿಗೆ ಕಟ್ಟಿಕೊಂಡು ಲಿಫ್ಟಿನ ಹಗ್ಗ ಹಿಡಿದು ನೇತಾಡುತ್ತಿದ್ದಳು. ಕೆಳಗೆ ಕತ್ತಲು, ಮೇಲೆ ಸದ್ದು. ಯಾರು ತಾನೇ ಅಲ್ಲಿ ನಿಲ್ಲಿಸಿಯಾರು? ಒಂದೈದು ನಿಮಿಷ ಎಂದು ಹೋದವಳು ಮೂವತ್ತೆರಡು ದಾಟಿದಳು, ಮೂವತ್ತಮೂರು ದಾಟಿದಳು. ಅಷ್ಟರಲ್ಲಿ ಗಂಡ, "ಸೋಫಾ ತಿರುಗಿಸ್ಬೇಕು, ಬಾ ಇಲ್ಲಿ" ಎಂದು ಕರೆದ. ಹೋದಳು. ಒಂದು ತುದಿ ಅವನು, ಒಂದು ತುದಿ ಅವಳು. ಸೋಫಾ ತಲೆಕೆಳಗಾಯಿತು. ಆಮೇಲೆ ಗಿರಾಕಿ ಬಂದರು, ಬಟ್ಟೆಯ ಮಾದರಿ ತೋರಿಸಿದ್ದಾಯಿತು. ಆಮೇಲೆ ಅಡುಗೆ. ಮರುದಿನ ಬೆಳಿಗ್ಗೆ ಹಾಲು ಕಾಯಿಸುತ್ತ ನಿಂತಾಗ ಥಟ್ಟನೆ ನೆನಪಾಯಿತು: ಗೆರೆಯನ್ನು ವಾಪಸ್ಸು ಇಟ್ಟಿಲ್ಲ!

ಹಾಲು ಉಕ್ಕುವುದನ್ನು ಅತ್ತೆಗೆ ಬಿಟ್ಟು ಕೆಳಗೋಡಿದಳು. ಫೋನು ತೆರೆಯುವಾಗ, ಖಾತೆಯೇ ಇರುವುದಿಲ್ಲ, ಹೊರಗೆ ಹಾಕಿರುತ್ತಾಳೆ ಎಂದೇ ಗಟ್ಟಿ ಮಾಡಿಕೊಂಡಿದ್ದಳು.

ಖಾತೆ ಇತ್ತು. ಆದರೆ ಗೆರೆ ಮೂವತ್ತನಾಲ್ಕರಲ್ಲೂ ಇರಲಿಲ್ಲ, ಮೂವತ್ತೊಂದರಲ್ಲೂ ಇರಲಿಲ್ಲ. ಹತ್ತೊಂಬತ್ತನೇ ಅಧ್ಯಾಯ, ಹನ್ನೊಂದನೇ ನಿಮಿಷ.

ಒತ್ತಿದಳು. ಆ ಜ್ವರ ಬಿಟ್ಟ ಧ್ವನಿ ಪಿಸುಗುಟ್ಟಿತು, "ಇಳಿಯಲ್ಲ. ನೋಡು..." ದೊಡ್ಡವಳ ಕೈ ತಾನಾಗಿ ನಿಲ್ಲಿಸಿತು. ಆ ಮಾತಿನ ಹಿಂದೆಯೇ ಇನ್ನೊಂದು ಧ್ವನಿ ಅವಳಿಗೆ ಕೇಳಿಸಿತ್ತು, ಪುಸ್ತಕದಲ್ಲಿ ಇಲ್ಲದ್ದು. ಅಕ್ಕ, ಬಾಣ ಹಾಕಿದ್ಯಾ?

ಆ ಬೆಳಿಗ್ಗೆಯೆಲ್ಲ ಅವಳು ಒಂದು ದಿಂಬಿನ ಹೊಲಿಗೆಯನ್ನೂ ಮುಗಿಸಲಿಲ್ಲ. ಮೆಟ್ಟಿಲು ಹತ್ತಿ ಮೇಲೆ ಹೋದಳು, ಯಾಕೆ ಬಂದೆನೆಂದು ಮರೆತು ಇಳಿದಳು. ಕತ್ತರಿಯನ್ನು ಹುಡುಕಿದಳು, ಅದು ಕೈಯಲ್ಲೇ ಇತ್ತು. ಚಿಕ್ಕವಳು ಬೈದಿದ್ದರೆ ಬಯ್ಗುಳಕ್ಕೆ ಉತ್ತರ ಕೊಡಬಹುದಿತ್ತು. ಇದು ಬಯ್ಗುಳವೂ ಅಲ್ಲ. ತೋರುಬೆರಳು. ಬೆರಳನ್ನೇ ಎಷ್ಟು ಹೊತ್ತು ನೋಡುತ್ತ ಕೂರುವುದು?

ಊಟಕ್ಕೆ ಮುಂಚೆ ಗಂಡ ಫೋಮಿನ ಮೇಲೆ ಅಳತೆಪಟ್ಟಿ ಹಿಡಿದು ಬಗ್ಗಿದ್ದಾಗ ಅವಳು ಅವನ ಬೆನ್ನಿಗೇ ಹೇಳಿದಳು. "ರೀ, ಆ ಆರು ಕುರ್ಚಿಗೆ ತಪ್ಪು ಬಾಣ ಹಾಕಿದ್ದು ನಾನು. ನಿಮ್ಮ ತಮ್ಮ ಬಾಣ ನೋಡೇ ಹೊಡೆದಿದ್ದ."

ಅಳತೆಪಟ್ಟಿ ಸರ್ರನೆ ಸುತ್ತಿಕೊಂಡು ಡಬ್ಬಿಯೊಳಗೆ ಹೋಯಿತು. ಅವನು ತಿರುಗಲಿಲ್ಲ.

"ಗೊತ್ತಿದ್ದೂ ಹಾಕಿದ್ಯಾ?"

"ಇಲ್ಲ. ಕಥೆ ಕೇಳ್ತಿದ್ದೆ. ಸವರಿ ನೋಡ್ಲಿಲ್ಲ."

"ಕಥೆ."

"ಹೂಂ."

"ಆವತ್ತೇ ಯಾಕೆ ಹೇಳ್ಲಿಲ್ಲ?"

"ನೀವು ಬ್ಲೇಡ್ ಹಿಡ್ಕೊಂಡು ನಿಂತಿದ್ರಿ."

"ಕುರ್ಚಿಗೆ ಹಿಡಿದಿದ್ದೆ ಕಣೇ. ನಿನಗಲ್ಲ."

"ಗೊತ್ತು. ಆದ್ರೂ ಹೆದರಿಕೆ ಆಯ್ತು. ಆಮೇಲೆ ದಿನ ಕಳೀತು. ದಿನ ಕಳೆದಷ್ಟೂ ಬಾಯಿಗೆ ಬೀಗ ಬಿತ್ತು."

ಅವನು ಬಹಳ ಹೊತ್ತು ಫೋಮಿನ ಅಂಚನ್ನು ಚಿವುಟಿ ಚಿವುಟಿ ನೆಲಕ್ಕೆ ಹಾಕಿದ. ಅವನಿಗೆ ಸಿಟ್ಟು ಬರುತ್ತದೆಂದು ಅವಳು ಕಾದಳು. ಬಂದಿದ್ದು ಅದಕ್ಕಿಂತ ಕೆಟ್ಟದ್ದು. ಅವನ ಮುಖ ಇಳಿದುಹೋಯಿತು. "ಈಗ ನಾನು ಹೋಗಿ ಅವನಿಗೆ ಏನಂತ ಹೇಳ್ಲಿ? ಹೆಂಡ್ತಿ ತಪ್ಪಿಗೆ ನಿನ್ನ ಮಾನ ಹರಿದೆ ಅಂತನಾ? ನಾನು ಹೋಗಲ್ಲ."

"ನೀವು ಹೋಗ್ಬೇಡಿ. ನನ್ನ ತಪ್ಪಿಗೆ ನಾನು ಹೋಗ್ತೀನಿ. ಹರಿದದ್ದು ನಿಮ್ಮ ತಪ್ಪು, ಅದಕ್ಕೆ ನೀವು ಯಾವಾಗ ಹೋಗ್ತೀರೋ ಹೋಗಿ."

ಬಾಗಿಲಲ್ಲಿ ಅತ್ತೆ ನಿಂತಿದ್ದರು, ಊಟಕ್ಕೆ ಕರೆಯಲು ಬಂದವರು. ಎಷ್ಟು ಕೇಳಿಸಿಕೊಂಡರೋ. "ಭಾನುವಾರದ ತನಕ ಕಾಯೋದ್ಯಾಕೆ?" ಎಂದರು. "ನನ್ನ ಚಪ್ಪಲಿ ಎಲ್ಲಿದೆ ನೋಡು."

ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ ಕೂತರು. ಇಳಿಯುವ ಹೊತ್ತಿಗೆ, "ನನ್ನ ಮಗ ಮೂರು ತಿಂಗಳಿಂದ ಸರಿಯಾಗಿ ಉಂಡಿಲ್ಲ. ನಿಂಗೆ ಹೇಳಿದ್ರೆ ನೊಂದ್ಕೋತೀಯ ಅಂತ ಹೇಳಿರ್ಲಿಲ್ಲ. ಈಗ ನೊಂದ್ಕೋ" ಎಂದರು.

ಅಂಗಡಿ ಚಿಕ್ಕದು, ಒಂದೇ ಕೋಣೆ. ಹೊರಗಿನಿಂದಲೇ ಸ್ಟೇಪ್ಲರಿನ ಸದ್ದು ಕೇಳುತ್ತಿತ್ತು. ಟಕ್. ಸುಮಾರು ಹೊತ್ತು ಏನೂ ಇಲ್ಲ. ಮತ್ತೆ ಟಕ್. ದೊಡ್ಡವಳು ಬಾಗಿಲಲ್ಲೇ ನಿಂತಳು. ಆ ಸದ್ದು ಅವಳಿಗೆ ಗೊತ್ತಿದ್ದ ಸದ್ದಲ್ಲ. ಮೈದುನ ಹೊಡೆಯಲು ಕೂತರೆ ಆಲಿಕಲ್ಲು ಬಿದ್ದ ಹಾಗಿರುತ್ತಿತ್ತು. ಈಗ ಅವನು ಒಂದು ಕುರ್ಚಿಯ ಸೀಟಿನ ಮೇಲೆ ಅಂಗೈ ಸವರುತ್ತಿದ್ದ. ಹೀಗೊಮ್ಮೆ, ಹಾಗೊಮ್ಮೆ, ಮತ್ತೊಮ್ಮೆ ಹೀಗೆ. ಆಮೇಲೆ ಬಗ್ಗಿ ಬೆಳಕಿಗೆ ನೋಡಿ ಒಂದು ಸ್ಟೇಪಲ್ ಹೊಡೆದ. ಮತ್ತೆ ಸವರಿದ. ಅದು ವೆಲ್ವೆಟ್ ಕೂಡ ಆಗಿರಲಿಲ್ಲ, ಸಾದಾ ಹತ್ತಿಬಟ್ಟೆ. ಹೇಗೆ ಹಾಕಿದರೂ ಒಂದೇ.

ಚಿಕ್ಕವಳು ಮಿಷನ್ನು ನಿಲ್ಲಿಸಿ ಎದ್ದಳು. ಬನ್ನಿ ಎನ್ನಲಿಲ್ಲ.

"ಅತ್ತಿಗೆ," ಎಂದ ಮೈದುನ, ಕುರ್ಚಿಯಿಂದ ಕೈ ತೆಗೆಯದೆ. "ಅಣ್ಣನಿಗೇನಾದ್ರೂ ಆಯ್ತಾ?"

"ಇಲ್ಲಪ್ಪ, ಚೆನ್ನಾಗಿದ್ದಾರೆ. ನಿನಗೊಂದು ಮಾತು ಹೇಳ್ಬೇಕಿತ್ತು." ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲೋ ಬಿದ್ದುಹೋಗಿತ್ತು. "ಆ ಕೆಂಪು ಕುರ್ಚಿಗಳ ಬಾಣ ತಪ್ಪಾಗಿತ್ತು. ಬರೆದವಳು ನಾನು. ನೀನು ಸರಿಯಾಗೇ ಹೊಡೆದಿದ್ದೆ."

ಬಗ್ಗಿದ್ದವನು ತಲೆ ಎತ್ತಿದ.

"ಬಾಣ ತಪ್ಪಾಗಿತ್ತಾ?"

"ಹೂಂ. ಆರೂ."

"ನಾನು ತಿರುಗಿಸಿ ಹೊಡೀಲಿಲ್ವಾ?"

"ಇಲ್ಲ."

ಅವನು ಸ್ಟೇಪ್ಲರನ್ನು ನೆಲಕ್ಕಿಟ್ಟ. "ನಾನೇ ತಿರುಗಿಸಿದೆ ಅಂದ್ಕೊಂಡಿದ್ದೆ ಅತ್ತಿಗೆ. ಬಾಣ ನೋಡಿದ ನೆನಪಿತ್ತು. ಆದ್ರೂ ತಪ್ಪಾಗಿತ್ತಲ್ಲ. ಅಂದ್ರೆ ಕಣ್ಣು ನೋಡಿದ್ದನ್ನ ಕೈ ಮಾಡ್ತಿಲ್ಲ ಅಂತ. ಕಣ್ಣಿನ ಡಾಕ್ಟರ ಹತ್ರ ಹೋಗಿ ಬಂದೆ. ನರದ ಡಾಕ್ಟರ ಹತ್ರ ಹೋದೆ. ಏನಿಲ್ಲ ಅಂದ್ರು. ಏನಿಲ್ಲ ಅಂದ್ರೆ ಇನ್ನೂ ಭಯ ಆಯ್ತು." ಅವನು ಎದ್ದು ನಿಂತ. "ಮೂರು ತಿಂಗಳು. ಒಂದು ಕುರ್ಚಿಗೆ ಒಂದು ದಿನ ತಗೋತಿದೀನಿ. ಅಣ್ಣ ಹರಿದದ್ದು ನನಗೇನೂ ಅಲ್ಲ. ಅವನು ಹಂಗೇ. ಈ ಕೈ..." ಎರಡು ಅಂಗೈಗಳನ್ನು ಅವಳ ಮುಖಕ್ಕೆ ಹಿಡಿದ. "ಇವನ್ನ ನನ್ನಿಂದ ಕಿತ್ಕೊಂಡ್ರಲ್ಲ ನೀವು."

ದೊಡ್ಡವಳು ಸಂಸಾರ ಒಡೆದೆನೆಂದು ಕೊರಗಿದ್ದಳು, ಅಣ್ಣತಮ್ಮಂದಿರನ್ನು ದೂರ ಮಾಡಿದೆನೆಂದು ಕೊರಗಿದ್ದಳು. ಇದನ್ನು ಮಾತ್ರ ಅವಳು ಊಹಿಸಿಯೇ ಇರಲಿಲ್ಲ. ಕ್ಷಮಿಸು ಎನ್ನುವುದು ಇದಕ್ಕೆ ತೀರಾ ಸಣ್ಣ ಮಾತು.

ಆಗ ಅವನು ಹೆಂಡತಿಯ ಕಡೆ ತಿರುಗಿದ. "ನೀನು ಹೊಲಿದಿದ್ದೆ. ನಿಂಗೆ ಗೊತ್ತಿತ್ತಾ?"

ಚಿಕ್ಕವಳು ತಲೆ ತಗ್ಗಿಸಲಿಲ್ಲ. "ಬಾಣ ಅಂದಾಜಲ್ಲಿ ಹಾಕಿದ್ದು ಗೊತ್ತಿತ್ತು. ನಿಮಗೆ ನಿಮ್ಮ ಕೈ ಮೇಲೇ ಅನುಮಾನ ಅಂತ ಗೊತ್ತಿರ್ಲಿಲ್ಲ. ಡಾಕ್ಟರ ಹತ್ರ ಹೋಗಿದ್ದು ನಂಗೆ ಯಾವಾಗ ಹೇಳಿದ್ರಿ?"

"ಕೇಳಿದ್ಯಾ?"

"ಕೇಳಿದ್ರೆ ನೀವು ಹೇಳೋರೇ!"

"ಸಾಕು," ಎಂದರು ಅತ್ತೆ. ಒಂದು ಮುರುಕು ಸ್ಟೂಲು ಎಳೆದುಕೊಂಡು ಮಗನ ಪಕ್ಕ ಕೂತರು. "ನೀವಿಬ್ರೂ ಹೊರಗೆ ಹೋಗಿ. ಇವನ ಜೊತೆ ನಾನಿರ್ತೀನಿ."

ಹೊರಗೆ ನೀರಿನ ನಲ್ಲಿಯ ಪಕ್ಕ ಇಬ್ಬರೂ ನಿಂತರು. ಚಿಕ್ಕವಳು ಮುಖ ತೊಳೆದುಕೊಂಡಳು. ಅಳು ತೊಳೆಯುತ್ತಿದ್ದಾಳೋ ಸಿಟ್ಟು ತೊಳೆಯುತ್ತಿದ್ದಾಳೋ ತಿಳಿಯಲಿಲ್ಲ.

"ಹತ್ತೊಂಬತ್ತಕ್ಕೆ ಇಟ್ಟಿದ್ಯಲ್ಲ," ಎಂದಳು ದೊಡ್ಡವಳು. "ಬಾ ಅಂತ ಇಟ್ಯಾ?"

"ಬಾ ಅಂತನಾ? ಕೋಪಕ್ಕೆ ಇಟ್ಟೆ. ಮನೆ ಬಿಡಿಸಿ ಆಯ್ತು, ಈಗ ನನ್ನ ಕಥೆನೂ ಕದ್ದು ಕೇಳ್ತಿದ್ದಾಳೆ, ಅದೂ ನನಗಿಂತ ಮುಂದೆ ಹೋಗಿ! ಆ ಅವಳಿ ಹುಡುಗೀರು ಉಳೀತಾರೋ ಇಲ್ವೋ ಅಂತ ನನಗೇ ಗೊತ್ತಿಲ್ಲ, ನೀನು ಮೂವತ್ತನಾಲ್ಕರಲ್ಲಿ ಕೂತಿದ್ದೀಯ."

"ಅವರು..."

"ಹೇಳಿದ್ರೆ ನೋಡು!" ಚಿಕ್ಕವಳು ಒದ್ದೆ ಕೈ ಎತ್ತಿದಳು. ಆಮೇಲೆ ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅಂಗಿಗೆ ಒರೆಸಿಕೊಂಡಳು. "ನಾನೂ ಅವತ್ತು ಬಾಯಿ ಬಿಡ್ಬೇಕಿತ್ತು ಅಕ್ಕ. ನೀನು ಶ್ ಅಂದೆ, ನಾನು ಮೂರು ತಿಂಗಳು ಆ ಶ್ ಒಳಗೇ ಕೂತಿದ್ದೆ. ಈಗ ನಮ್ಮೆಜಮಾನ್ರು ನನ್ನ ಜೊತೆ ಎಷ್ಟು ದಿನ ಮಾತು ಬಿಡ್ತಾರೋ."

"ನಾನು ದಿನಾ ಬಂದು ಬೈಸ್ಕೊಂಡು ಹೋಗ್ಲಾ?"

"ದಿನಾ ಬಂದ್ರೆ ನಿಮ್ಮ ದಿಂಬಿಗೆ ಜಿಪ್ ಹಾಕೋರ್ಯಾರು?"

ದೊಡ್ಡವಳಿಗೆ ನಗು ಬಂತು, ನಗಬಹುದೋ ಬಾರದೋ ತಿಳಿಯಲಿಲ್ಲ. ಇಬ್ಬರೂ ಒಳಗಿನ ಸದ್ದಿಗೆ ಕಿವಿಗೊಟ್ಟರು. ಅತ್ತೆ ಏನೋ ಮೆಲ್ಲಗೆ ಹೇಳುತ್ತಿದ್ದರು. ಕುರ್ಚಿ ಎಳೆದ ಸದ್ದು. ಬಟ್ಟೆ ಬಿಗಿಯಾದ ಸದ್ದು.

ಟಕ್.

ಚಿಕ್ಕವಳು ನಲ್ಲಿಯನ್ನು ತಿರುಗಿಸಿ ಪೂರ್ತಿ ನಿಲ್ಲಿಸಿದಳು.

ಟಕ್. ಟಕ್. ಟಕ್ ಟಕ್. ಐದಕ್ಕೆ ಮತ್ತೆ ನಿಂತಿತು. ಅಂಗೈ ಬಟ್ಟೆಯ ಮೇಲೆ ಹೋಗುತ್ತಿದೆಯೋ ಏನೋ. ದೊಡ್ಡವಳು ವಾರಗಿತ್ತಿಯ ಒದ್ದೆ ಮಣಿಕಟ್ಟನ್ನು ಹಿಡಿದುಕೊಂಡಳು. ಅವಳು ಬಿಡಿಸಿಕೊಳ್ಳಲಿಲ್ಲ.

"ಸವರಿದ್ದು ಸಾಕು ಕಣೋ," ಒಳಗಿನಿಂದ ಅತ್ತೆಯ ಧ್ವನಿ ಕೇಳಿಸಿತು. "ಅದೇನು ಕರುವಾ? ಮುಂದಿನದು ಹೊಡಿ."